ಕಲ್ಲೇಶ್ವರನ ಗೋಡೆಯ ಕೋಲು

ಸೂರ್ಯೋದಯದ ನಗಾರಿ ಬಡಿದು ಎರಡು ಗಳಿಗೆ ಕಳೆದರೂ ಕೆಂಗಲ್ದುರ್ಗದ ಹೆಬ್ಬಾಗಿಲು ಅರೆಯಷ್ಟೇ ತೆರೆದಿತ್ತು. ಬೇರೆ ವರ್ಷಗಳಲ್ಲಾದರೆ ಈ ಹೊತ್ತಿಗೆ ಮೊಸರಿನ ಗಡಿಗೆ ಹೊತ್ತವರು, ವೀಳ್ಯದೆಲೆಯ ಕಟ್ಟು ತರುವವರು, ಕುದುರೆ ಲಾಯಕ್ಕೆ ಹುಲ್ಲು ಸಾಗಿಸುವ ಎತ್ತಿನವರು, ಎಲ್ಲರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಮೂರು ಸುತ್ತಿನ ಕೆಂಪು ಕೋಟೆಯೊಳಗೆ ನುಗ್ಗುತ್ತಿದ್ದರು. ಗರಡಿಯಿಂದ ಜಟ್ಟಿಗಳು ತೊಡೆ ತಟ್ಟುವ ಸದ್ದು ಪೇಟೆಯ ಬೀದಿಗೂ ಕೇಳುತ್ತಿತ್ತು. ಈಗ ಒಬ್ಬೊಬ್ಬರೇ ಬರಬೇಕು, ಬುಟ್ಟಿಯ ಮೇಲಿನ ಬಟ್ಟೆ ಸರಿಸಬೇಕು, ಯಾರ ಮಗ, ಯಾವ ಕೇರಿ, ಯಾರ ಮನೆಗೆ ಎಂದು ಹೇಳಬೇಕು. ಮೊಸರಿನ ಗಡಿಗೆಯೊಳಕ್ಕೂ ಪಹರೆಯವರು ಕಡ್ಡಿ ಅದ್ದಿ ನೋಡುತ್ತಿದ್ದರು.

ದುರ್ಗದ ಮೇಲೆ ಏರಿ ಬಂದ ಸುಬೇದಾರನ ದಂಡು ಎರಡು ಹರದಾರಿ ದೂರದಲ್ಲಿ ಡೇರೆ ಹೊಡೆದು ಇಪ್ಪತ್ತೆಂಟು ದಿನಗಳಾಗಿದ್ದವು. ದುರ್ಗವನ್ನಾಳುವ ನಾಯಕನು ತನ್ನ ಸೈನ್ಯದೊಂದಿಗೆ ಹೊಳೆಯ ಕಡವಿನಲ್ಲಿ ಅದನ್ನು ತಡೆದು ನಿಂತಿದ್ದ. ಕೋಟೆಯಲ್ಲಿ ಅವನ ತಾಯಿ ಸಿರಿಯವ್ವ ನಾಗತಿ ಓಲಗ ನಡೆಸುತ್ತಿದ್ದಳು. ಅವಳ ಬಲಗಡೆಗೆ ಪ್ರಧಾನಿ ಮಲ್ಲರಸ ಕುಳಿತಿರುತ್ತಿದ್ದ. ಒಳಗಿನಿಂದ ಯಾರೋ ಹೊರಗೆ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂಬ ಮಾತು ಹುಟ್ಟಿದ ದಿನದಿಂದ ದುರ್ಗದ ಜನ ಹೊರಗಿನ ದಂಡಿಗಿಂತ ಪಕ್ಕದ ಮನೆಯವನಿಗೇ ಹೆಚ್ಚು ಹೆದರತೊಡಗಿದ್ದರು.

ಆ ಬೆಳಿಗ್ಗೆ ರಾಯಸದ ಸಂಗಪ್ಪ ಅರಮನೆಯ ಕಡೆಗೆ ಹೋಗದೆ ಕಲ್ಲೇಶ್ವರನ ಗುಡಿಯ ಹಾದಿ ಹಿಡಿದ. ಹತ್ತೊಂಬತ್ತು ವರ್ಷಗಳಿಂದ ಅರಮನೆಯ ಓಲೆಗಳನ್ನೂ ನಿರೂಪಗಳನ್ನೂ ಬರೆಯುತ್ತ ಬಂದವನು ಅವನು. ಅವನ ಅಕ್ಷರಗಳು ಸಾಲುಗಟ್ಟಿ ನಿಂತ ಸಿಪಾಯಿಗಳಂತೆ ಇರುತ್ತಿದ್ದವು. ಅವನ ಕಡತದಲ್ಲಿ ತಪ್ಪು ಕಂಡವರು ಇರಲಿಲ್ಲ, ಏಕೆಂದರೆ ತಪ್ಪಾದ ಮರುಕ್ಷಣವೇ ಅವನು ಅದನ್ನು ಒರೆಸಿಬಿಡುತ್ತಿದ್ದ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಆ ಕರಿಯ ಪುಸ್ತಕಕ್ಕೆ ಇರುವ ಗುಣವೇ ಅದು. ಬಳಪದಲ್ಲಿ ಬರೆದದ್ದು ಒದ್ದೆ ಬಟ್ಟೆಯ ಒಂದು ಎಳೆತಕ್ಕೆ ಮಾಯವಾಗುತ್ತದೆ.

ಇಪ್ಪತ್ತು ದಿನಗಳ ಹಿಂದೆ ಪ್ರಧಾನಿ ಅವನನ್ನು ತನ್ನ ಚಾವಡಿಗೆ ಕರೆಸಿಕೊಂಡಿದ್ದ. "ಸಂಗಪ್ಪ, ನಿನ್ನ ಕಣ್ಣು ನಂಬಬಹುದಾದ ಕಣ್ಣು. ಆ ಹಾಲಯ್ಯನ ಮಠಕ್ಕೆ ದಿನಾ ಹೋಗಿ ಕೂತುಕೊ. ತತ್ತ್ವ ಕೇಳಲು ಬಂದೆ ಅನ್ನು. ಅಲ್ಲಿ ಏನು ನಡೆಯುತ್ತದೋ ನೋಡಿದ್ದನ್ನು ನೋಡಿದ ಹಾಗೆಯೇ ಬರೆದುಕೊಂಡು ಬಾ" ಎಂದಿದ್ದ.

ಹಾಲಯ್ಯನವರು ಕಲ್ಲೇಶ್ವರನ ಅರ್ಚಕರು. ಅದೇ ಗುಡಿಯ ಅರ್ಚಕರ ಮಗನಾಗಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೆ ದುರ್ಗ ಬಿಟ್ಟು, ಉತ್ತರದ ಮಠಗಳಲ್ಲಿ ಹದಿನೈದು ವರ್ಷ ತರ್ಕವನ್ನೂ ಗಣಿತವನ್ನೂ ಓದಿ, ಕಡಲ ದಂಡೆಯ ಬಂದರಿನಲ್ಲಿ ಪರದೇಶದ ಹಡಗಿನವರು ನಕ್ಷತ್ರ ನೋಡಿ ದಾರಿ ಗುರುತಿಸುವುದನ್ನು ಕಂಡು, ತಲೆ ತುಂಬ ಪ್ರಶ್ನೆಗಳನ್ನು ಹೊತ್ತು ತಂದೆಯ ಪೂಜೆಗೆ ಮರಳಿದವರು. ಬೆಳಗಿನ ಪೂಜೆ ಮುಗಿಸಿ ಗುಡಿಯ ಮುಂದಿನ ಕಲ್ಲುಮಂಟಪದಲ್ಲಿ ಮಠ ನಡೆಸುತ್ತಿದ್ದರು. ಊರಿನ ಹಳೆಯ ಐಗಳು ಅರ್ಥವಾಗದ ಶ್ಲೋಕಗಳನ್ನು ಬೆತ್ತದ ತಾಳಕ್ಕೆ ಬಾಯಿಪಾಠ ಮಾಡಿಸುತ್ತಿದ್ದರೆ, ಇವರು ಬೆತ್ತವನ್ನೇ ಇಟ್ಟುಕೊಂಡಿರಲಿಲ್ಲ. ನೇಕಾರರ ಹೆಣ್ಣುಮಕ್ಕಳು, ಬೇಡರ ಪಾಳೆಯದ ಹುಡುಗರು, ಕುಂಬಾರ, ಕಮ್ಮಾರ, ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಅಷ್ಟು ಸಾಲದೆಂಬಂತೆ ಹೆಬ್ಬಾಗಿಲ ಪಹರೆಯ ಬೊಮ್ಮಣ್ಣನೂ ನಲವತ್ತೈದು ದಾಟಿದ ಮೇಲೆ ಮೀಸೆ ತಿರುವಿಕೊಂಡು ಅಕ್ಷರ ತಿದ್ದಲು ಬರುತ್ತಿದ್ದ.

ಸಂಗಪ್ಪ ಮಂಟಪದ ಮೆಟ್ಟಿಲು ಹತ್ತುತ್ತಲೇ ಬೊಮ್ಮಣ್ಣ ಕೂಗಿದ. "ಓಹೋ, ರಾಯಸದವರು ಇವತ್ತೂ ಬಂದ್ರು! ಕಲಿಯೋಕೋ, ಕದಿಯೋಕೋ?"

"ನಿನ್ನ ಗೀಚು ಕದ್ದುಕೊಂಡು ಹೋದರೆ ನನ್ನ ಮನೆಯ ಎಮ್ಮೆಯೂ ಮೂಸುವುದಿಲ್ಲ."

"ಹಂಗನ್ಬೇಡಿ ಸ್ವಾಮಿ. ನಿನ್ನೆ ನನ್ನ ಹೆಸರು ನಾನೇ ಬರೆದೆ. ಅಕ್ಷರಕ್ಕೆ ಸ್ವಲ್ಪ ಹೊಟ್ಟೆ ಬಂದಿತ್ತು, ನನ್ನ ಹಾಗೇ."

ಮಕ್ಕಳು ನಕ್ಕರು. ಸಂಗಪ್ಪ ನಗಲಿಲ್ಲ. ಬೇಹು ನೋಡಲು ಬಂದವನನ್ನು ಬೇಹುಗಾರ ಎಂದು ತಮಾಷೆಗೆ ಕರೆದರೂ ಬೆನ್ನಿನಲ್ಲಿ ಬೆವರು ಒಡೆಯುತ್ತದೆ.

ಆ ದಿನ ಒಬ್ಬ ನೇಕಾರರ ಹುಡುಗಿ ಲೆಕ್ಕ ತಪ್ಪಿ, ಕಡತವನ್ನು ಒರೆಸಲು ಒದ್ದೆ ಬಟ್ಟೆ ಎತ್ತಿಕೊಂಡಳು. ಹಾಲಯ್ಯನವರು ಅವಳ ಕೈ ತಡೆದರು. "ಅಳಿಸಬೇಡವ್ವ. ಅದು ಅಲ್ಲೇ ಇರಲಿ. ಸರಿಯಾದದ್ದನ್ನು ಪಕ್ಕದಲ್ಲಿ ಬರೆ. ಅಳಿಸಿದರೆ ಎಡವಿದ್ದು ಎಲ್ಲಿ ಅಂತ ನಾಳೆ ನಿನಗೇ ತಿಳಿಯುವುದಿಲ್ಲ."

ಇದು ಸಂಗಪ್ಪನಿಗೆ ಹೇಸಿಗೆ ಎನಿಸಿತು. ಆದರೆ ಅವನನ್ನು ಕಾಡಿದ್ದು ಅದಲ್ಲ, ಬೇರೆ ಸಂಗತಿ. ಈ ಮಠದಲ್ಲಿ ಮಕ್ಕಳು ಕುಳಿತು ಕಲಿಯುವುದಕ್ಕಿಂತ ನಡೆದು ಕಲಿಯುವುದೇ ಹೆಚ್ಚು. ಬಿದಿರಿನ ಕೋಲು ಹಿಡಿದು ಗುಂಪಾಗಿ ಹೊರಡುತ್ತಿದ್ದರು. ಕೆರೆಯ ಏರಿ, ಗರಡಿಯ ಅಂಗಳ, ಕೋಟೆಯ ಗೋಡೆ, ಕಂಡದ್ದನ್ನೆಲ್ಲ ಅಳೆಯುತ್ತಿದ್ದರು. ಅಳೆದದ್ದನ್ನು ಮಂಟಪಕ್ಕೆ ಬಂದು ಗಟ್ಟಿಯಾಗಿ ಹೇಳುತ್ತಿದ್ದರು: ಮೂಡಣ ಬತೇರಿಯ ಬುರುಜಿನ ಬುಡದಿಂದ ಮದ್ದಿನ ಮನೆಯ ಗೋಡೆಗೆ ಎಪ್ಪತ್ತೈದು ಕೋಲು, ಮಣ್ಣು ತುಂಬಿದ ಗೋಡೆಯ ಉದ್ದ ನಲವತ್ತೈದು, ದಿಡ್ಡಿಬಾಗಿಲಿನಿಂದ ಕೆರೆಯ ತೂಬಿಗೆ ಅರವತ್ತು.

"ಇದೆಲ್ಲ ಇವರಿಗೆ ಏಕೆ, ಅಯ್ಯನವರೇ?" ಎಂದು ಸಂಗಪ್ಪ ಕೇಳಿದ್ದ.

"ದೊಡ್ಡವರು ಹೇಳಿದರು ಅಂತ ನಂಬುವುದು ಭಕ್ತಿ. ಅದಕ್ಕೆ ಒಳಗೆ ದೇವರಿದ್ದಾನೆ. ಗೋಡೆಗೆ ಭಕ್ತಿ ಬೇಕಿಲ್ಲ ಸಂಗಪ್ಪನವರೇ, ಕೋಲು ಸಾಕು."

"ಮಕ್ಕಳು ತಪ್ಪಾಗಿ ಅಳೆದರೆ?"

"ಅಳೆಯಲಿ. ತಪ್ಪುಗಳು ಮೇಯಲು ಬಿಟ್ಟ ದನಗಳಿದ್ದ ಹಾಗೆ, ಒಂದೊಂದು ಒಂದೊಂದು ದಿಕ್ಕಿಗೆ ಹೋಗುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ ಸಾಲಾಗಿ ಹೊರಟವು ಅಂದರೆ ಹಿಂದೆ ಯಾರೋ ಹೊಡೆಯುತ್ತಿದ್ದಾರೆ ಅಂತ ತಿಳಿಯಬೇಕು."

ಜಾಣತನದ ಮಾತು ಎಂದುಕೊಂಡ ಸಂಗಪ್ಪ. ಜಾಣರ ಮೇಲೆ ಅವನಿಗೆ ಮೊದಲಿನಿಂದಲೂ ಅನುಮಾನವೇ. ಅಂಕಿಗಳನ್ನೂ ಮಾತುಗಳನ್ನೂ ತನ್ನ ಕಡತದಲ್ಲಿ ಬರೆದುಕೊಂಡು ಪ್ರಧಾನಿಗೆ ಒಪ್ಪಿಸಿದ. ಕೊನೆಯಲ್ಲಿ ತನ್ನದೊಂದು ಸಾಲು ಸೇರಿಸಿದ: "ಕೋಟೆಯ ಗುಟ್ಟುಗಳನ್ನು ಅಳೆಯುವುದಕ್ಕೆ ವಿದ್ಯೆಯ ನೆಪ ಮಾಡಲಾಗುತ್ತಿದೆ ಎಂದು ತೋರುತ್ತದೆ."

ಅದಾದ ಆರನೆಯ ದಿನ ದಿಡ್ಡಿಬಾಗಿಲಲ್ಲಿ ಒಬ್ಬ ಬಳೆಗಾರ ಸಿಕ್ಕಿಬಿದ್ದ. ಬಳೆಯ ಮಲಾರದೊಳಗೆ ಒಂದು ಕಡತವಿತ್ತು. ಪಹರೆಯವರು ಅದನ್ನು ಬಿಚ್ಚುವಷ್ಟರಲ್ಲಿ ಅವನು ಕೈ ಕೊಸರಿಕೊಂಡು ಗೋಡೆಯ ಮೇಲಿಂದ ಕೆಳಗಿನ ಬಂಡೆಗೆ ಹಾರಿ ಪ್ರಾಣ ಬಿಟ್ಟ. ಕಡತದಲ್ಲಿ ಡೊಂಕು ಡೊಂಕಾದ ಎಳೆಯ ಅಕ್ಷರಗಳಲ್ಲಿ ಕೋಟೆಯ ಅಳತೆಗಳಿದ್ದವು: ಬತೇರಿಯಿಂದ ಮದ್ದಿನ ಮನೆಗೆ, ಮಣ್ಣು ತುಂಬಿದ ಗೋಡೆಗೆ, ದಿಡ್ಡಿಯಿಂದ ತೂಬಿಗೆ. ಸುಬೇದಾರನ ಫಿರಂಗಿಯವರಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಮಧ್ಯಾಹ್ನದೊಳಗೆ ಹಾಲಯ್ಯನವರನ್ನು ಉಗ್ರಾಣದ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದರು. ಮಂಟಪ ಬರಿದಾಯಿತು. ನಿನ್ನೆಯವರೆಗೆ ಮಕ್ಕಳನ್ನು ಕೈಹಿಡಿದು ಮಠಕ್ಕೆ ಬಿಡುತ್ತಿದ್ದ ತಾಯಂದಿರು "ನಮಗೆ ಮೊದಲೇ ಅನುಮಾನ ಇತ್ತು" ಎಂದು ಬಾವಿಕಟ್ಟೆಯ ಬಳಿ ಹೇಳತೊಡಗಿದರು.

ಪ್ರಧಾನಿ ಸಂಗಪ್ಪನನ್ನು ಕರೆಸಿದ. ಬಳೆಗಾರನ ಕಡತವನ್ನೂ ಸಂಗಪ್ಪ ಒಪ್ಪಿಸಿದ್ದ ಕಡತವನ್ನೂ ಅವನ ಮುಂದಿಟ್ಟ. "ನಾಳೆ ಓಲಗದಲ್ಲಿ ದೂರು ಓದಬೇಕು. ನೀನು ಮಠದಲ್ಲಿ ಕೇಳಿ ಬರೆದುಕೊಂಡ ಅಳತೆಗಳೂ ಈ ಅಳತೆಗಳೂ ಒಂದೇ ಎಂದು ಬರೆ, ನಿನ್ನ ಒಪ್ಪ ಹಾಕು. ಹಾಲಯ್ಯನನ್ನು ಬತೇರಿಯ ಮೇಲಿಂದ ತಳ್ಳುವುದಕ್ಕೆ ಅಷ್ಟು ಸಾಕು."

"ಅರ್ಚಕರನ್ನೇ, ಪ್ರಧಾನರೇ?"

"ದ್ರೋಹಿಗೆ ಜನಿವಾರವೂ ಇಲ್ಲ, ಲಿಂಗವೂ ಇಲ್ಲ, ಸಂಗಪ್ಪ. ನಾಳೆ ಇದು ಮುಗಿದರೆ ನಿನ್ನನ್ನು ರಾಯಸದ ಮುಖ್ಯನನ್ನಾಗಿ ಮಾಡುವುದು ನನಗೆ ಬಿಟ್ಟದ್ದು."

ಮನೆಗೆ ಬಂದ ಸಂಗಪ್ಪ ಪಡಸಾಲೆಯ ಬೆಳಕಿನಲ್ಲಿ ಎರಡೂ ಕಡತಗಳನ್ನು ಅಕ್ಕಪಕ್ಕ ಬಿಚ್ಚಿಟ್ಟುಕೊಂಡ. ಪ್ರಧಾನಿಯ ಮೇಲೆ ಅವನಿಗೆ ಅನುಮಾನವಿರಲಿಲ್ಲ. ಆದರೆ ನೋಡದೆ ಒಪ್ಪ ಹಾಕುವ ಅಭ್ಯಾಸವೂ ಇರಲಿಲ್ಲ. ಮೊದಲ ಅಂಕಿಗೇ ಅವನ ಬೆರಳು ನಿಂತಿತು. ಮಠದ್ದು ಎಪ್ಪತ್ತೈದು, ಬಳೆಗಾರನದ್ದು ಎಂಬತ್ತು. ಮಕ್ಕಳು ತಪ್ಪಿರಬೇಕು. ಎರಡನೆಯದು ನಲವತ್ತೈದು, ಇಲ್ಲಿ ನಲವತ್ತೆಂಟು. ಮೂರನೆಯದು ಅರವತ್ತು, ಇಲ್ಲಿ ಅರವತ್ತನಾಲ್ಕು. ಪ್ರತಿ ಹದಿನೈದಕ್ಕೆ ಇಲ್ಲಿ ಹದಿನಾರು. ದನಗಳು ಸಾಲಾಗಿ, ಒಂದೇ ದಿಕ್ಕಿಗೆ ಹೊರಟಿದ್ದವು.

ಎರಡೂ ಸರಿಯಾಗಿರಬೇಕಾದರೆ ಒಂದೇ ದಾರಿ. ಅಳೆದ ಕೋಲುಗಳು ಎರಡು.

ಅವನು ಎದ್ದು ನೇರವಾಗಿ ಗುಡಿಗೆ ಹೋದ. ಮಠದ ಬಿದಿರುಕೋಲುಗಳನ್ನು ಗುಡಿಯ ಗೋಡೆಗೆ ಹಿಡಿದು ಕತ್ತರಿಸುತ್ತಿದ್ದುದನ್ನು ಅವನು ನೋಡಿದ್ದ, ಅರ್ಚಕರ ಇನ್ನೊಂದು ವಿಚಿತ್ರವೆಂದು ಮರೆತಿದ್ದ. ತೆಂಕಣ ಗೋಡೆಯ ಬುಡದಲ್ಲಿ, ದೀಪದ ಮಸಿಯ ಕೆಳಗೆ, ಅಂಗವಸ್ತ್ರದಿಂದ ಉಜ್ಜಿದಾಗ ಅದು ಕಂಡಿತು. ಎರಡು ಅಡ್ಡಗೀರುಗಳ ನಡುವೆ ಕಲ್ಲಿನಲ್ಲಿ ಕೊರೆದ ಒಂದು ಉದ್ದನೆಯ ಗೆರೆ. ಹಿರಿಯ ನಾಯಕರು ಹೊಲ ಅಳೆಯುವುದಕ್ಕೆಂದು ದೇವರ ಸಾಕ್ಷಿಯಾಗಿ ಕೊರೆಸಿದ ಹದಿನಾರು ಗೇಣಿನ ಕೋಲು. ಕಬ್ಬಿಣದ ಬಳೆ ಹಾಕಿದ ಕೋಲುಗಳು ಪ್ರಧಾನಿಯ ಚಾವಡಿಯಿಂದ ಬರತೊಡಗಿದ ಮೇಲೆ ಮಠದವರನ್ನು ಬಿಟ್ಟರೆ ಇತ್ತ ಯಾರೂ ಬಗ್ಗಿ ನೋಡಿರಲಿಲ್ಲ.

ಆ ಚಾವಡಿಯ ಕೋಲುಗಳ ನೆನಪಾಗುತ್ತಲೇ ಸಂಗಪ್ಪ ಮಸಿಯ ಕೈಯಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಮೂರು ವರ್ಷಗಳ ಹಿಂದೆ "ಕಳಿಸಿರುವ ಮಾದರಿಯಂತೆ ಹೊಸ ಕೋಲುಗಳನ್ನು ಕತ್ತರಿಸತಕ್ಕದ್ದು" ಎಂಬ ನಿರೂಪವನ್ನು ಪ್ರಧಾನಿ ಹೇಳಿ ಬರೆಸಿದ್ದ. ಬರೆದದ್ದು ಇದೇ ಕೈ. ಮಾದರಿ ಎಷ್ಟು ಉದ್ದ ಎಂದು ಅವನು ಕೇಳಿರಲಿಲ್ಲ. ಅಂದಿನಿಂದ ಚಾವಡಿಯ ಶಾನುಭೋಗರು ಸೀಮೆಯ ಹೊಲಗಳನ್ನೆಲ್ಲ ಆ ಗಿಡ್ಡ ಕೋಲಿನಲ್ಲಿ ಅಳೆದಿದ್ದರು, ಅಳೆದಷ್ಟೂ ಹೊಲ ಹಿಗ್ಗಿತ್ತು, ಹಿಗ್ಗಿದಷ್ಟೂ ಕಂದಾಯ ಬೆಳೆದಿತ್ತು. ಮೂರು ವರ್ಷ ಹೆಗಲ ಮೇಲಿದ್ದ ಕೋಲು ಮೋಸದ್ದೆಂಬುದನ್ನು ಹೊತ್ತವರೇ ಮರೆತಿದ್ದರು. ಕೋಟೆಯನ್ನು ಕದ್ದು ಅಳೆಯಲು ಹೋದವನೂ ಅದನ್ನೇ ಹೊತ್ತುಕೊಂಡು ಹೋಗಿದ್ದ. ಕೋಲು ಹಿಡಿದ ಶಾನುಭೋಗನನ್ನು ಇಲ್ಲೇಕೆ ಬಂದೆ ಎಂದು ಕೇಳುವವರು ಯಾರು?

ಎಳೆಯ ಅಕ್ಷರ, ಎಡಗೈಯಲ್ಲಿ ಬರೆದರೆ ಯಾರದಾದರೂ ಹಾಗೆಯೇ ಕಾಣುತ್ತದೆ. ಸಿಕ್ಕಿಬಿದ್ದರೆ ಮಠದ ತಲೆಗೆ ಕಟ್ಟುವ ಏರ್ಪಾಡು ಮೊದಲೇ ಆಗಿತ್ತು. ತನ್ನನ್ನು ಮಠಕ್ಕೆ ಕಳಿಸಿದ್ದು ನೋಡುವುದಕ್ಕಲ್ಲ, ನೋಡಿದೆನೆಂದು ಹೇಳುವುದಕ್ಕೆ!

ಹೊತ್ತು ಇಳಿಯುವ ಮೊದಲು ಅವನು ಉಗ್ರಾಣದ ಕೋಣೆಗೆ ಹೋದ. ದೂರು ಬರೆಯಬೇಕು, ಕೈದಿಯ ಹೇಳಿಕೆ ಬೇಕು ಎಂದು ಪಹರೆಯವನಿಗೆ ಹೇಳಿದ. ಹಾಲಯ್ಯನವರು ಗೋಡೆಗೆ ಒರಗಿ ಕುಳಿತಿದ್ದರು.

"ಅಯ್ಯನವರೇ, ಚಾವಡಿಯ ಕೋಲು ಒಂದು ಗೇಣು ಚಿಕ್ಕದು. ತಮಗೆ ಗೊತ್ತಿತ್ತು."

ಹಾಲಯ್ಯನವರು ತಲೆಯೆತ್ತಿದರು. "ಇದು ಪ್ರಧಾನರ ಹೊಸ ಪ್ರಶ್ನೆಯೋ, ನಿಮ್ಮದೋ?"

"ನನ್ನದು."

"ನಂಬಲು ಕಷ್ಟ."

"ನಂಬಬೇಡಿ. ನನ್ನ ಕೈ ನೋಡಿ." ಸಂಗಪ್ಪ ಮಸಿ ಮೆತ್ತಿದ ಅಂಗೈಗಳನ್ನು ಮುಂದೆ ಚಾಚಿದ.

ಅರ್ಚಕರ ಮುಖದಲ್ಲಿ ಮೊದಲ ಬಾರಿಗೆ ಏನೋ ಸಡಿಲವಾಯಿತು. "ವರ್ಷದ ಹಿಂದೆ ಮಕ್ಕಳು ತಮ್ಮ ಅಪ್ಪಂದಿರ ಹೊಲ ಅಳೆದು ಬಂದರು. ಎಲ್ಲರ ಹೊಲವೂ ಕಂದಾಯದ ಅಳತೆಗಿಂತ ಚಿಕ್ಕದು, ಎಲ್ಲವೂ ಒಂದೇ ಪ್ರಮಾಣದಲ್ಲಿ. ಆಗಲೇ ತಿಳಿಯಿತು."

"ಮತ್ತೆ ಏಕೆ ಬಾಯಿ ಬಿಡಲಿಲ್ಲ? ನಾಳೆ ತಮ್ಮ ಪ್ರಾಣ ಹೋಗುತ್ತದೆ!"

"ಯಾರ ಹೊಲ, ಯಾರು ಅಳೆದರು, ಹೆಸರು ಹೇಳು ಅನ್ನುತ್ತಾರೆ. ಹನ್ನೊಂದು ಮನೆಗಳು ಸಂಗಪ್ಪನವರೇ. ಪ್ರಧಾನಿಯ ಚಾವಡಿ ಅವರನ್ನು ಉಳಿಸುತ್ತದೆಯೇ? ನಾನು ಒಬ್ಬ. ಲೆಕ್ಕ ಸುಲಭ."

"ಹೊಲದ ಮಾತೇ ಬೇಡ. ಕೋಟೆಯ ಮೂರು ಅಳತೆ ಸಾಕು."

"ಕೋಲು ಕತ್ತರಿಸಿದವರು ಯಾರು ಅಂತ ಕೇಳಿದರೆ?"

ಆ ಪ್ರಶ್ನೆಗೆ ಉತ್ತರವಾಗಿ ಸಂಗಪ್ಪ ತನ್ನ ಹೆಂಡತಿ ಮಕ್ಕಳಿದ್ದ ಮನೆ, ಹತ್ತೊಂಬತ್ತು ವರ್ಷದ ಹೆಸರು, ಎಲ್ಲವನ್ನೂ ಇಡಬೇಕಾಗಿತ್ತು.

ಮರುದಿನದ ಓಲಗದಲ್ಲಿ ಕಂಬಗಳ ಹಿಂದೆಯೂ ಜನ ನಿಂತಿದ್ದರು. ಸಿರಿಯವ್ವ ನಾಗತಿ ಬಿಳಿಯ ಸೀರೆಯುಟ್ಟು, ಜಪಮಾಲೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಗದ್ದುಗೆಯ ಕೆಳಗಿನ ಮೆಟ್ಟಿಲಲ್ಲಿ ಕುಳಿತಿದ್ದಳು. ಮಗನ ಗದ್ದುಗೆಯ ಮೇಲೆ ಅವಳು ಎಂದೂ ಕುಳಿತವಳಲ್ಲ.

"ರಾಯಸದವನು ದೂರು ಓದಲಿ" ಎಂದ ಮಲ್ಲರಸ.

ಸಂಗಪ್ಪ ಎದ್ದು ನಿಂತ. "ತಾಯಿ, ಓದುವ ಮೊದಲು ಪ್ರಧಾನರಲ್ಲಿ ಒಂದು ಅಂಶ ಸ್ಪಷ್ಟಪಡಿಸಿಕೊಳ್ಳಬೇಕು. ಮಠದವರು ಅಳೆದದ್ದು ಕಲ್ಲೇಶ್ವರನ ಗೋಡೆಯ ಕೋಲಿನಿಂದ. ಆ ಕೋಲೂ ಚಾವಡಿಯ ಕೋಲೂ ಒಂದೇ ಅಳತೆಯವೆ?"

ಮಲ್ಲರಸನ ಕಣ್ಣು ಒಮ್ಮೆ ಕಿರಿದಾಗಿ ಮತ್ತೆ ಅರಳಿತು. "ಇದೆಂಥ ಪ್ರಶ್ನೆ? ಒಂದು ಸೀಮೆಗೆ ಎರಡು ಕೋಲು ಇರುತ್ತವೆಯೇ? ಒಂದೇ."

"ಹಾಗಾದರೆ ತಾಯಿ, ಈ ಬಳೆಗಾರನ ಕಡತ ಮಠದ್ದಲ್ಲ. ಮಠದಲ್ಲಿ ನಾನೇ ಕೇಳಿ ಬರೆದದ್ದು ಎಪ್ಪತ್ತೈದು, ನಲವತ್ತೈದು, ಅರವತ್ತು. ಇದರಲ್ಲಿರುವುದು ಎಂಬತ್ತು, ನಲವತ್ತೆಂಟು, ಅರವತ್ತನಾಲ್ಕು. ಗೋಡೆಗಳು ಬೆಳೆದಿಲ್ಲ. ಕೋಲು ಕುಗ್ಗಿದೆ."

ಓಲಗದಲ್ಲಿ ಗುಜುಗುಜು ಎದ್ದಿತು. ನಾಗತಿ ಕೈಯೆತ್ತಿದಳು. "ಚಾವಡಿಯಿಂದ ಒಂದು ಕೋಲು ತರಿಸಿ. ಗುಡಿಗೆ ಹೋಗೋಣ."

"ತಾವು ಈ ಬಿಸಿಲಲ್ಲಿ, ತಾಯಿ? ನಾನೇ ನೋಡಿ ಬಂದು ಅರಿಕೆ ಮಾಡುತ್ತೇನೆ."

"ನಿಮ್ಮ ಕಣ್ಣಿಂದ ನೋಡಿ ನೋಡಿ ನನ್ನ ಕಣ್ಣು ಮಂಜಾಗಿದೆ, ಪ್ರಧಾನರೇ. ಏಳಿ."

ಓಲಗವೆಲ್ಲ ಬೀದಿಗೆ ಇಳಿಯಿತು. ಗುಡಿಯ ತೆಂಕಣ ಗೋಡೆಯ ಬಳಿ ಬೊಮ್ಮಣ್ಣ ಕಬ್ಬಿಣದ ಬಳೆಯ ಕೋಲನ್ನು ಕಲ್ಲಿನ ಗೆರೆಗೆ ಹೊಂದಿಸಿ, ಒಂದು ತುದಿಯನ್ನು ಅಡ್ಡಗೀರಿಗೆ ಸರಿಯಾಗಿ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದ. ಇನ್ನೊಂದು ತುದಿ ಇನ್ನೊಂದು ಗೀರನ್ನು ಮುಟ್ಟಲಿಲ್ಲ. ನಾಗತಿ ಗೋಡೆಯ ಬಳಿ ಮಂಡಿಯೂರಿದಳು. ಕೋಲಿನ ತುದಿಗೆ ಹೆಬ್ಬೆರಳು ಊರಿ, ಬೆರಳುಗಳನ್ನು ಚಾಚಿದಳು. ಕಿರುಬೆರಳು ಅಡ್ಡಗೀರಿನ ಮೇಲೆ ಕೂತಿತು.

"ಸರಿಯಾಗಿ ಒಂದು ಗೇಣು" ಎಂದಳು. ಕೈ ತೆಗೆಯಲಿಲ್ಲ. "ನನ್ನ ಸೀಮೆಯ ಪ್ರತಿ ಹೊಲದಲ್ಲೂ ನನ್ನ ಕೈಯಷ್ಟು ಕಳ್ಳತನ."

"ಇದು ಈ ಸಂಗಪ್ಪನ ಕೆಲಸ!" ಮಲ್ಲರಸ ಕೂಗಿದ. "ಕೋಲು ಕತ್ತರಿಸುವ ನಿರೂಪ ಬರೆದವನು ಅವನೇ. ಮೂರು ವರ್ಷದ ಹಿಂದೆ ಚಿಕ್ಕದು ಮಾಡಿಸಿದವನು ಅವನೇ!"

ನಾಗತಿ ನಿಧಾನವಾಗಿ ಎದ್ದು ನಿಂತಳು. "ಈಗತಾನೆ ಒಂದೇ ಅಂದಿರಲ್ಲ, ಪ್ರಧಾನರೇ?"

ಗುಂಪಿನ ಹಿಂದೆ ಮೆಲ್ಲನೆ ಜಾರತೊಡಗಿದ್ದ ಚಾವಡಿಯ ಒಬ್ಬ ಶಾನುಭೋಗನನ್ನು ಪಹರೆಯವರು ಹಿಡಿದು ತಂದರು. ಅವನನ್ನು ಯಾರೂ ಹೊಡೆಯಬೇಕಾಗಲಿಲ್ಲ. ನಾಗತಿಯ ಕಾಲಿಗೆ ಬಿದ್ದು, ಪ್ರಧಾನಿ ಹೇಳಿದಂತೆ ಗೋಡೆ ಅಳೆದವನು ತಾನೇ, ಎಡಗೈಯಲ್ಲಿ ಬರೆದವನು ತಾನೇ ಎಂದು ಒದರಿದ. ದುರ್ಗ ಬಿದ್ದ ಮೇಲೆ ಸುಬೇದಾರನು ಸೀಮೆಯನ್ನು ಮಲ್ಲರಸನಿಗೆ ಬಿಡುವುದೆಂದು ಮಾತಾಗಿತ್ತಂತೆ.

"ಪ್ರಧಾನರು ಹೇಳಿದ್ದರಲ್ಲಿ ಒಂದು ನಿಜ, ತಾಯಿ" ಎಂದ ಸಂಗಪ್ಪ. "ನಿರೂಪ ಬರೆದದ್ದು ನನ್ನ ಕೈ. ಮಾದರಿ ಎಷ್ಟು ಉದ್ದ ಎಂದು ನಾನು ಕೇಳಲಿಲ್ಲ. ಅಯ್ಯನವರ ಮೇಲೆ ಮೊದಲ ಅನುಮಾನ ಬರೆದದ್ದೂ ನನ್ನ ಕೈಯೇ."

"ಗೊತ್ತಾಯಿತು. ನಾಯಕ ಬರುವವರೆಗೆ ಮಲ್ಲರಸ ಉಗ್ರಾಣದ ಕೋಣೆಯಲ್ಲಿರಲಿ. ನೀನು ಇವತ್ತಿನಿಂದ ರಾಯಸದವನಲ್ಲ. ಕೇಳದೆ ಬರೆಯುವ ಕೈ ನನಗೆ ಬೇಡ."

ಸಂಗಪ್ಪ ಸೊಂಟದಿಂದ ಒಪ್ಪದ ಮುದ್ರೆ ಬಿಚ್ಚಿ ಅವಳ ಪಾದದ ಬಳಿ ಇಟ್ಟ.

ಹಾಲಯ್ಯನವರನ್ನು ಕರೆತಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಅರ್ಚಕರಿಗೆ ನಾಗತಿ ಕೈ ಮುಗಿದಳು. "ಅಯ್ಯನವರೇ, ಗೋಡೆಯ ಕೋಲಿನಿಂದಲೇ ಅಳೆಯುತ್ತಿದ್ದ ತಮಗೆ ಚಾವಡಿಯ ಕೋಲು ಚಿಕ್ಕದೆಂದು ತಿಳಿದಿರಲೇಬೇಕು. ನನಗೆ ಏಕೆ ಹೇಳಲಿಲ್ಲ?"

"ಹೇಳಿದ್ದರೆ ಅಳೆದವರ ಹೆಸರನ್ನು ಮೊದಲು ಕೇಳುತ್ತಿದ್ದಿರಿ, ತಾಯಿ."

"ಕೇಳುತ್ತಿದ್ದೆ" ಎಂದು ನಾಗತಿ ಒಪ್ಪಿಕೊಂಡಳು. ಆಮೇಲೆ ಸಂಗಪ್ಪನ ಕಡತವನ್ನು ತರಿಸಿ, ಒದ್ದೆ ಬಟ್ಟೆಗಾಗಿ ಕೈ ಚಾಚಿದಳು. "ತಮ್ಮ ಮೇಲೆ ಬರೆದ ಈ ಸಾಲನ್ನು ತಮ್ಮ ಎದುರಿಗೇ ನಾನೇ ಅಳಿಸುತ್ತೇನೆ. ನಾಳೆ ಇದನ್ನು ಯಾರೂ ಓದಬಾರದು."

"ಬೇಡ ತಾಯಿ" ಎಂದರು ಹಾಲಯ್ಯನವರು. "ಅದು ಅಲ್ಲೇ ಇರಲಿ. ಬರೆದವರೇ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಲಿ."

ಯಾರೋ ಬಳಪ ತಂದುಕೊಟ್ಟರು. ಸಂಗಪ್ಪ ಮಂಟಪದ ಮೆಟ್ಟಿಲ ಮೇಲೆ ಕುಳಿತ. ಬೊಮ್ಮಣ್ಣ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತ, "ನಿಮ್ಮ ಅಕ್ಷರಕ್ಕೂ ಹೊಟ್ಟೆ ಬರ್ತಿದೆ ಸ್ವಾಮಿ" ಎಂದ.

"ಬರಲಿ ಬಿಡು" ಎಂದ ಸಂಗಪ್ಪ. ಒದ್ದೆ ಬಟ್ಟೆಯನ್ನು ಕೇಳಲಿಲ್ಲ.